ಎಷ್ಟು ಬಾಳುತ್ತೆ?

ನಮ್ಮ ಕಡೆ ಮನೆಗೆ ಯಾವ ಹೊಸ ವಸ್ತು ಬಂದರೂ ನೋಡಿದವರ ಮೊದಲ ಪ್ರಶ್ನೆ ‘ಎಷ್ಟು ಕೊಟ್ರಿ?’ ಎಂಬುದು. ಉತ್ತರ ಕೇಳಿ, ಒಂದು ಗಳಿಗೆ ಸುಮ್ಮನಿದ್ದು, ‘ಅಷ್ಟು ಬಾಳುತ್ತಾ ಅದು?’ ಎಂಬುದು ಎರಡನೆಯದು. ಸೀರೆಯಾಗಲಿ, ಹಸುವಾಗಲಿ, ಊರಾಚೆಯ ಸೈಟಾಗಲಿ, ಈ ಎರಡು ಪ್ರಶ್ನೆಗಳನ್ನು ದಾಟದೆ ಹೊಸಿಲು ದಾಟುವಂತಿಲ್ಲ. ನನಗೆ ಈ ‘ಬಾಳು’ ಎಂಬ ಮಾತಿನ ಮೇಲೆ ಮೊದಲಿಂದಲೂ ಒಂದು ಪ್ರೀತಿ. ಬೆಲೆ ಬಾಳುವುದೂ ಅದೇ, ಬಾಳಿಕೆ ಬರುವುದೂ ಅದೇ, ಮನುಷ್ಯರು ಬಾಳಿ ಬದುಕುವುದೂ ಅದೇ. ಹಣದ ಲೆಕ್ಕಕ್ಕೊಂದು, ಕಾಲದ ಲೆಕ್ಕಕ್ಕೊಂದು ಎಂದು ಬೇರೆಬೇರೆ ಪದ ಇಟ್ಟುಕೊಳ್ಳುವ ಗೋಜಿಗೆ ನಮ್ಮ ಹಿರಿಯರು ಹೋಗಲಿಲ್ಲ.

ಕಳೆದ ವರ್ಷ ನಾನು ಇಪ್ಪತ್ತಾರು ಸಾವಿರ ರೂಪಾಯಿ ಖರ್ಚು ಮಾಡಿ ಒಂದು ರಿಮೋಟ್ ಕಾರು ತಂದೆ. ತಂದೆ ಎನ್ನುವುದೂ ಪೂರ್ತಿ ಸರಿಯಲ್ಲ. ಬಂದದ್ದು ಕಾರಲ್ಲ, ಕಾರಾಗಬಹುದಾದ ಪ್ಲಾಸ್ಟಿಕ್ಕಿನ ತುಂಡುಗಳು, ಸ್ಕ್ರೂಗಳು, ಗೇರುಗಳು ಇದ್ದ ಒಂದು ರಟ್ಟಿನ ಪೆಟ್ಟಿಗೆ. ಆಮೇಲೆ ಅಕ್ಕಪಕ್ಕದ ಮನೆಯವರು, ಆಫೀಸಿನವರು, ತಿಪಟೂರಿನ ನೆಂಟರು ಎಲ್ಲರೂ ಆ ಎರಡು ಪ್ರಶ್ನೆ ಕೇಳಿದ್ದಾರೆ. ಈಚೆಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಫೋನು ಮಾಡಿ, ‘ಸರ್, ನಾನೂ ಒಂದು ತಗೊಳ್ಳೋಣ ಅಂತಿದೀನಿ, ದುಡ್ಡಿಗೆ ಮೋಸ ಇಲ್ಲ ತಾನೆ?’ ಎಂದ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲ ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಸುಂಕ, ಸಾಗಣೆ ಎಲ್ಲ ಸೇರಿ ಕಿಟ್ಟಿಗೆ 13,500. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್ ಮತ್ತು ಕಾರಿನೊಳಗೆ ಕೂರುವ ರಿಸೀವರ್ 4,200. ಮುಂದಿನ ಚಕ್ರ ತಿರುಗಿಸುವ ಸರ್ವೋ 900. ಬ್ಯಾಟರಿ 2,400, ಅದಕ್ಕೆ ಚಾರ್ಜರ್ 2,800. ಬಣ್ಣದ ಡಬ್ಬಿಗಳು 1,300. ಬೇರಿಂಗ್ ಸೆಟ್ಟು 900. ಪೆಟ್ಟಿಗೆಯ ಮೇಲೆ ಬರೆದ ಬೆಲೆ ಒಟ್ಟು ಖರ್ಚಿನ ಅರ್ಧ ಮಾತ್ರ ಎಂಬುದನ್ನು ಈ ಹವ್ಯಾಸಕ್ಕೆ ಇಳಿಯುವವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮದುವೆಗೆ ಛತ್ರದ ಬಾಡಿಗೆ ಇದ್ದ ಹಾಗೆ ಅದು. ಊಟ, ಓಲಗ, ಹೂವು ಎಲ್ಲ ಬೇರೆ.

ಇಷ್ಟು ದುಡ್ಡು ಯಾಕೆ ಎಂಬುದಕ್ಕೆ ನಮ್ಮ ಮನೆಯ ಲಾಫ್ಟನ್ನು ಸಾಕ್ಷಿಗೆ ಕರೆಯಬೇಕು. ಅಲ್ಲಿ ಮಗಳ ಐದು ರಿಮೋಟ್ ಕಾರುಗಳು ಸತ್ತು ಮಲಗಿವೆ. ಜಾತ್ರೆಯಲ್ಲಿ ಕೊಂಡದ್ದು ಒಂದು, ಹುಟ್ಟುಹಬ್ಬಕ್ಕೆ ಬಂದವು ಎರಡು, ಮಾಲ್‌ನಲ್ಲಿ ಹಟ ಮಾಡಿ ಕೊಡಿಸಿಕೊಂಡವು ಇನ್ನೆರಡು. ಎಲ್ಲ ಸೇರಿದರೆ ನಾಲ್ಕು ಸಾವಿರದ ಮೇಲೆ ಆಗುತ್ತದೆ. ಒಂದಾದರೂ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿ ಕಾಣಲಿಲ್ಲ. ನೋಡುವುದಕ್ಕೆ ಅವು ಬಹಳ ಚೆಂದ, ನನ್ನ ಕಿಟ್ಟಿಗಿಂತ ಚೆಂದ. ಬಾಗಿಲು ತೆರೆಯುತ್ತವೆ, ದೀಪ ಹತ್ತುತ್ತವೆ, ಹಾಡು ಹೇಳುತ್ತವೆ. ಆದರೆ ಇಂಥ ಅಗ್ಗದ ಆಟಿಕೆಯ ಕಾರಿನ ಮುಂದಿನ ಚಕ್ರ ಪೂರ್ತಿ ಎಡಕ್ಕೆ ತಿರುಗುತ್ತದೆ ಇಲ್ಲವೇ ಪೂರ್ತಿ ಬಲಕ್ಕೆ. ಒಂಚೂರು ಎಡಕ್ಕೆ ಎಂಬುದು ಅದಕ್ಕೆ ಗೊತ್ತಿಲ್ಲ. ವೇಗವೂ ಅಷ್ಟೆ, ನಿಂತಿರಬೇಕು ಇಲ್ಲ ಓಡಬೇಕು. ಒಳಗೆ ಬೆರಳಗಲದ ಒಂದೇ ಸರ್ಕ್ಯೂಟ್ ಬೋರ್ಡು. ರೇಡಿಯೋ ಅಲೆ ಹಿಡಿಯುವುದು, ಮೋಟರಿಗೆ ವಿದ್ಯುತ್ತು ಬಿಡುವುದು, ಚಕ್ರ ತಿರುಗಿಸುವುದು ಎಲ್ಲ ಅದೊಂದರದೇ ಕೆಲಸ. ಅದು ಹೋದರೆ ಕಾರೇ ಹೋಯಿತು. ಬಿಡಿಭಾಗ ಕೇಳಿದರೆ ಅಂಗಡಿಯವನು ನಿಮ್ಮ ಮುಖವನ್ನು ಕನಿಕರದಿಂದ ನೋಡಿ ಹೊಸದೊಂದನ್ನು ಮುಂದಿಡುತ್ತಾನೆ.

ಹವ್ಯಾಸದ ದರ್ಜೆಯ ಕಾರು ಎಂದರೆ ಇದರ ತಿರುವುಮುರುವು. ಚೆಂದ ಆಮೇಲೆ. ರಿಸೀವರು ಬೇರೆ, ವೇಗ ನಿಯಂತ್ರಿಸುವ ಇಎಸ್‌ಸಿ ಬೇರೆ, ಸರ್ವೋ ಬೇರೆ, ಮೋಟರು ಬೇರೆ. ಯಾವುದು ಕೆಟ್ಟರೆ ಅದನ್ನಷ್ಟೇ ತೆಗೆದು ಇನ್ನೊಂದು ಹಾಕಬಹುದು, ಬೇರೆ ಕಂಪನಿಯದೂ ಆದೀತು. ಗುಬುಟನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚಕ್ರವೂ ಅಷ್ಟೇ ತಿರುಗುತ್ತದೆ. ಕಾರಿನ ಒಂದೊಂದು ತುಂಡಿಗೂ ಒಂದು ನಂಬರು ಇರುತ್ತದೆ, ಆ ನಂಬರು ಹೇಳಿದರೆ ಆ ತುಂಡು ಬೇರೆಯಾಗಿ ಸಿಗುತ್ತದೆ. ಇಪ್ಪತ್ತಾರು ಸಾವಿರದಲ್ಲಿ ನಾವು ಮುಖ್ಯವಾಗಿ ಕೊಳ್ಳುವುದು ಈ ನಂಬರುಗಳನ್ನು. ವೇಗವನ್ನಲ್ಲ. ವೇಗವೇ ಬೇಕಿದ್ದರೆ ಜೋಡಿಸಿಯೇ ಬರುವ ಚೀನಾದ ಕಾರುಗಳು ಇದರ ಅರ್ಧ ಬೆಲೆಗೆ ಇದಕ್ಕಿಂತ ಜೋರಾಗಿ ಓಡುತ್ತವೆ. ಅವಕ್ಕೂ ಈಗ ಬಿಡಿಭಾಗ ಸಿಗುತ್ತವೆ. ಅಮೆರಿಕದ ಟ್ರ್ಯಾಕ್ಸಸ್‌ನ ದೊಡ್ಡ ಗಾಡಿಗಳಾದರೆ ಬೆಲೆ ಕೇಳಿ ಸುಮ್ಮನೆ ಎದ್ದು ಬರಬೇಕು.

ನಾನು ಕೊಂಡದ್ದು ಜಪಾನಿನ ತಮಿಯಾ ಕಂಪನಿಯ ‘ಹಾರ್ನೆಟ್’. ಅದು ಮೊದಲು ಬಂದದ್ದು 1984ರಲ್ಲಿ. ನಿಲ್ಲಿಸಿದ್ದ ಅದೇ ಮಾದರಿಯನ್ನು 2004ರಲ್ಲಿ ಮತ್ತೆ ತಂದರು. ನಲವತ್ತು ವರ್ಷದ ಹಿಂದಿನ ವಿನ್ಯಾಸವನ್ನು ಇವತ್ತೂ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದರೆ ಆಶ್ಚರ್ಯವೇ. ಹಾರ್ನೆಟ್ ಎಂದರೆ ಕಣಜದ ಹುಳ. ಹೆಸರಿನ ಅರ್ಥ ಹೇಳಿದಾಗ ನಮ್ಮ ಅಪ್ಪ, ‘ಕಣಜ ಅಂದ್ರೆ ತುಂಬ್ಸೋದು ಕಣೋ. ಇದು ಖಾಲಿ ಮಾಡ್ಸೋ ಕಣಜ’ ಎಂದರು. ರಾಗಿ ತುಂಬುವ ಕಣಜವನ್ನು ಕಣ್ಣಾರೆ ಕಂಡವರು ಅವರು.

ಈ ತಮಿಯಾದವರ ಕಥೆಯೂ ಸ್ವಾರಸ್ಯವಾಗಿದೆ. 1946ರಲ್ಲಿ ಶಿಜುವೋಕ ಊರಿನಲ್ಲಿ ಮರ ಕೊಯ್ಯುವ ಮಿಲ್ಲಾಗಿ ಶುರುವಾದದ್ದು ಅದು. ಆಮೇಲೆ ಮರದ ಮಾದರಿ ಹಡಗು, ವಿಮಾನ ಮಾಡಿದರು, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದರು. ಸ್ಥಾಪಕರ ಮಗ ಶುನ್ಸಾಕು ತಮಿಯಾ ಎಪ್ಪತ್ತರ ದಶಕದಲ್ಲಿ ಪೋರ್ಷೆ ರೇಸ್ ಕಾರಿನ ಮಾದರಿ ಮಾಡಲು ಹೊರಟರು. ಫೋಟೋ ನೋಡಿ ಮಾಡಿದರೆ ಸರಿಯಾಗುವುದಿಲ್ಲವೆಂದು ನಿಜವಾದ ಒಂದು ಪೋರ್ಷೆ 911 ಕಾರನ್ನೇ ಕೊಂಡು ಒಂದೊಂದೇ ಭಾಗ ಬಿಚ್ಚಿ ಹರವಿಕೊಂಡರಂತೆ. ಅಳತೆಯೆಲ್ಲ ತೆಗೆದಾದ ಮೇಲೆ ಮತ್ತೆ ಜೋಡಿಸಲು ಕೂತರೆ ಬರಲಿಲ್ಲ. ಕೊನೆಗೆ ಪೋರ್ಷೆಯ ಮೆಕ್ಯಾನಿಕ್ಕುಗಳನ್ನೇ ಕರೆಸಬೇಕಾಯಿತು ಎಂಬ ಕಥೆ ಈ ಹವ್ಯಾಸದವರಲ್ಲಿ ಪ್ರಸಿದ್ಧ. 1976ರಲ್ಲಿ ಹೊರಬಂದ ಅವರ ಮೊದಲ ರೇಡಿಯೋ ಕಾರು ಆ ಪೋರ್ಷೆಯದೇ ಮಾದರಿ. ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ‘ಬಿಚ್ಚೋವಾಗ ಚಾಕ್‌ಪೀಸಲ್ಲಿ ಗುರುತು ಹಾಕ್ಕೋಬೇಕಿತ್ತು’ ಎಂದರು.

ಅಪ್ಪನ ವಿಷಯ ಇಲ್ಲಿ ಹೇಳಲೇಬೇಕು.

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲೂ ತೆಂಗಿನ ತೋಟಗಳ ಸೀಮೆ, ತೋಟಕ್ಕೆಲ್ಲ ಪಂಪ್‌ಸೆಟ್ಟು. ರಾತ್ರಿ ಪಾಳಿಯ ಕರೆಂಟು, ವೋಲ್ಟೇಜು ಏರಿಳಿತ. ಬೇಸಿಗೆಯಲ್ಲಿ ಮೋಟರು ಸುಡದ ದಿನವೇ ಇರುತ್ತಿರಲಿಲ್ಲ. ಸುಟ್ಟ ತಂತಿ ಬಿಚ್ಚಿ, ಸುತ್ತು ಎಣಿಸಿ ಬರೆದುಕೊಂಡು, ಅದೇ ಗೇಜಿನ ತಾಮ್ರ ತಂದು, ಸ್ಲಾಟಿಗೆ ಕಾಗದ ಹಾಕಿ ಮತ್ತೆ ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸುವುದು ಅವರ ಮೂವತ್ತೆಂಟು ವರ್ಷದ ಕೆಲಸ. ಪಂಪಿನ ಸೀಸನ್ ಇಲ್ಲದಾಗ ಮಿಕ್ಸಿ, ಫ್ಯಾನು. ಮಿಕ್ಸಿಗೆ ರೆಡಿಮೇಡ್ ಆರ್ಮೇಚರ್ ಬಂದ ಮೇಲೆ ಅದು ನಿಂತಿತು. ಆಮೇಲೆ ಜನ ಆರ್ಮೇಚರನ್ನೂ ಕೇಳುವುದು ಬಿಟ್ಟು ಹೊಸ ಮಿಕ್ಸಿಯನ್ನೇ ತರಲು ಶುರುಮಾಡಿದರು. ರಸ್ತೆ ಅಗಲ ಮಾಡುವಾಗ ಅಂಗಡಿಯ ಮುಂದಿನ ಒಂಬತ್ತಡಿ ಹೋಯಿತು, ಉಳಿದದ್ದರಲ್ಲಿ ಒಬ್ಬರು ಕೂತು ಕೆಲಸ ಮಾಡುವ ಹಾಗಿರಲಿಲ್ಲ. ಅದರ ಮರುವರ್ಷ ಅಮ್ಮ ತೀರಿಹೋದರು. ಅಪ್ಪ ಬೆಂಗಳೂರಿಗೆ ನಮ್ಮ ಮನೆಗೆ ಬಂದರು, ಮೂರನೇ ಮಹಡಿ, ಎರಡು ಬೆಡ್‌ರೂಮಿನ ಫ್ಲ್ಯಾಟು.

ಬಂದವರು ಏನೂ ಮಾಡುತ್ತಿರಲಿಲ್ಲ. ಬೆಳಿಗ್ಗೆ ಪೇಪರು, ಆಮೇಲೆ ಬಾಲ್ಕನಿ. ಮಾತು ಕಡಿಮೆಯಾಯಿತು. ಟೀವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೆ ಆರಿದ ಟೀವಿಯನ್ನೇ ನೋಡುತ್ತಿದ್ದರು. ‘ಮಾವ ಊಟ ಅರ್ಧಕ್ಕೇ ಏಳ್ತಾರೆ ರೀ, ನಾನೇನಾದ್ರೂ ಅಂದ್ನಾ?’ ಎಂದು ನನ್ನ ಹೆಂಡತಿ ಕೇಳಿದಳು. ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಆಯಿತು, ಎಲ್ಲ ಸರಿಯಾಗಿತ್ತು. ತಿಂಗಳಿಗೊಮ್ಮೆ ‘ಊರಿಗೆ ಹೋಗ್ತೀನಿ’ ಎನ್ನುವರು. ಹೋಗಿ ಏನು ಮಾಡುತ್ತೀರಿ ಎಂದರೆ ಉತ್ತರವಿರಲಿಲ್ಲ. ಅವರು ಕಾಲು ಚಾಚಿ ಕೂತಾಗ ಎರಡು ಕೈಗಳೂ ತೊಡೆಯ ಮೇಲೆ ಮಗುಚಿ ಬಿದ್ದಿರುತ್ತಿದ್ದವು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಕಿಟ್ಟು ತಂದದ್ದು ಅವರಿಗಾಗಿ ಎಂದರೆ ಸುಳ್ಳಾಗುತ್ತದೆ. ಅದು ನನ್ನದೇ ಹಳೆಯ ಆಸೆ. ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನಿಂದ ಬರುತ್ತಿದ್ದ ಸಹಪಾಠಿಯೊಬ್ಬನ ಬಳಿ ಒಂದು ವಿದೇಶಿ ಮ್ಯಾಗಜೀನು ಇತ್ತು, ಅದರಲ್ಲಿ ಈ ಕಾರು ಇತ್ತು. ಅಷ್ಟೇ ಕಾರಣ. ಬೋನಸ್ಸು ಬಂದಿತ್ತು, ಸಾಲದ ಕಂತುಗಳು ಕಟ್ಟಿಯಾಗಿದ್ದವು. ಹೆಂಡತಿ ಬೆಲೆ ಕೇಳಿ, ‘ಆಯ್ತು, ಆದ್ರೆ ಈ ವರ್ಷ ನಿಮ್ಗೆ ಹೊಸ ಫೋನಿಲ್ಲ’ ಎಂದಳು. ಆ ಒಪ್ಪಂದ ನನಗೆ ಲಾಭದ್ದೇ ಆಗಿತ್ತು.

ಪೆಟ್ಟಿಗೆ ಬಂದ ದಿನ ರಸೀದಿಯಲ್ಲಿದ್ದ ಸುಂಕದ ಸಾಲು ನೋಡಿ ಸ್ವಲ್ಪ ಹೊಟ್ಟೆ ಉರಿಯಿತು. ನಮ್ಮ ಸರ್ಕಾರದ ಕಣ್ಣಿಗೆ ಇದು ಆಟಿಕೆ. ಹೊರದೇಶದ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಅಗ್ಗದ ಆಮದಿನಿಂದ ಇಲ್ಲಿನ ಆಟಿಕೆಯವರನ್ನು ಕಾಪಾಡುವುದು ಅದರ ಉದ್ದೇಶ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವವರ ಹೊಟ್ಟೆ ತುಂಬಲಿ ಎಂದು ಯಾರು ಬೇಡವೆನ್ನುತ್ತಾರೆ? ಆದರೆ ವಾರಕ್ಕೆ ಸಾಯುವ ಹಾಡುವ ಕಾರಿಗೂ, ನಲವತ್ತು ವರ್ಷ ರಿಪೇರಿ ಮಾಡಿಕೊಂಡು ಓಡಿಸಬಹುದಾದ ಕಾರಿಗೂ ಒಂದೇ ತಕ್ಕಡಿ ಎಂಬುದು ನನಗೆ ಸರಿಕಾಣುವುದಿಲ್ಲ. ಇರಲಿ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಚೀಲಗಳನ್ನು ಹರವಿದೆ. ಮಗಳು ಪಕ್ಕದಲ್ಲಿ. ಅಪ್ಪ ಬಾಲ್ಕನಿಯಿಂದ ಒಂದು ಸಲ ಕತ್ತು ತಿರುಗಿಸಿ ನೋಡಿ ಮತ್ತೆ ರಸ್ತೆ ನೋಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಮಗಳು ಸ್ಕ್ರೂ ಬಿಗಿಸುವಾಗ ಸ್ಕ್ರೂಡ್ರೈವರು ಜಾರುವ ಕರಕರ ಸದ್ದು ಬಂತು. ಎದ್ದು ಬಂದರು. ‘ಇಲ್ಲಿ ಕೊಡು’ ಎಂದು ಸ್ಕ್ರೂವನ್ನು ಕನ್ನಡಕದ ಹತ್ತಿರ ಹಿಡಿದು, ‘ಇದರ ಪ್ಲಸ್ ಗುರುತು ನಮ್ದಲ್ಲ. ನಿಮ್ಮ ಡ್ರೈವರ್ ತುದಿ ಚೂಪು ಜಾಸ್ತಿ, ತಳಕ್ಕೆ ಕೂರ್ತಿಲ್ಲ’ ಎಂದರು. ನಿಜ. ಜಪಾನಿನ ಸ್ಕ್ರೂಗಳ ಪ್ಲಸ್ ಆಕಾರ ನಮ್ಮ ಅಂಗಡಿಗಳ ಮಾಮೂಲಿ ಫಿಲಿಪ್ಸ್ ಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಅದನ್ನು ನಾನು ಓದಿ ತಿಳಿದಿದ್ದೆ, ಅವರು ಬೆರಳಲ್ಲಿ ತಿಳಿದರು. ತಮ್ಮ ಟ್ರಂಕಿನಿಂದ ಹಳೆಯ ಡ್ರೈವರೊಂದನ್ನು ತಂದು, ಅದರ ತುದಿಯನ್ನು ಅರದಲ್ಲಿ ಎರಡು ಸಲ ಉಜ್ಜಿ, ಸ್ಕ್ರೂವಿಗಿಟ್ಟು ತಿರುಗಿಸಿದರು. ಜಾರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ಹನ್ನೊಂದು ಸಂಜೆ ಹಿಡಿಯಿತು. ಬಲ್ಲವರು ಎರಡು ದಿನದಲ್ಲಿ ಮುಗಿಸುತ್ತಾರೆ, ನಮಗೆ ಅವಸರವಿರಲಿಲ್ಲ. ತಮಿಯಾದ ಕೈಪಿಡಿಯಲ್ಲಿ ಅಕ್ಷರ ಕಡಿಮೆ, ಚಿತ್ರ ಹೆಚ್ಚು. ಪ್ರತಿ ಹಂತದ ಪಕ್ಕದಲ್ಲಿ ಬೇಕಾದ ಸ್ಕ್ರೂವಿನ ಚಿತ್ರ ಅದರ ನಿಜವಾದ ಅಳತೆಯಲ್ಲೇ ಅಚ್ಚಾಗಿರುತ್ತದೆ. ಸ್ಕ್ರೂವನ್ನು ಕಾಗದದ ಮೇಲಿಟ್ಟು ನೋಡಿದರೆ ಮುಗಿಯಿತು, ಸ್ಕೇಲು ಬೇಡ. ಇಂಗ್ಲಿಷ್ ಓದಲು ಬಾರದ ಅಪ್ಪ ಆ ಪುಸ್ತಕವನ್ನು ನನಗಿಂತ ಬೇಗ ಓದಿದರು. ಮಗಳು ಸ್ಕ್ರೂ ಆರಿಸುವುದು, ಅಪ್ಪ ಬಿಗಿಸುವುದು, ನಾನು ತಟ್ಟೆಯಲ್ಲಿ ಬಿದ್ದದ್ದನ್ನು ಹುಡುಕುವುದು ಎಂದು ಕೆಲಸ ತಾನಾಗಿ ಹಂಚಿಹೋಯಿತು.

ಗೇರ್‌ಬಾಕ್ಸಿನ ದಿನ ನನಗೆ ಚೆನ್ನಾಗಿ ನೆನಪಿದೆ. ಅದರೊಳಗೆ ಡಿಫರೆನ್ಷಿಯಲ್ ಎಂಬ ಪುಟ್ಟ ಗೇರುಗಳ ಗುಂಪು ಇರುತ್ತದೆ. ಇದು ಯಾಕೆ ತಾತ ಎಂದು ಮಗಳು ಕೇಳಿದಳು. ‘ಎತ್ತಿನ ಗಾಡಿ ತಿರುಗೋದು ನೋಡಿದೀಯಾ? ಒಳಗಡೆ ಚಕ್ರ ಇದ್ದಲ್ಲೇ ಇರುತ್ತೆ, ಹೊರಗಡೇದು ದೊಡ್ಡ ಸುತ್ತು ಬರುತ್ತೆ. ಅಲ್ಲಿ ಎತ್ತು ಎಳೆಯುತ್ತೆ, ಚಕ್ರಗಳು ಅವರವರ ಪಾಡಿಗೆ ಉರುಳ್ತವೆ. ಇಲ್ಲಿ ಮೋಟ್ರೇ ಚಕ್ರ ತಿರುಗಿಸ್ಬೇಕು. ಎರಡೂ ಒಂದೇ ಕಂಬಿಗೆ ಕಟ್ಟಿದ್ರೆ ಒಂದು ಜಾರ್ಬೇಕು, ಇಲ್ಲ ಕಂಬಿ ಮುರೀಬೇಕು. ಅದ್ಕೇ ಮಧ್ಯೆ ಈ ಪಂಚಾಯ್ತಿ’ ಎಂದರು. ಗ್ರೀಸು ಹಚ್ಚಿದ ಆ ಗೇರುಗಳನ್ನು ಕೈಯಲ್ಲಿ ಹಿಡಿದು ಒಂದು ಕಡೆ ತಿರುಗಿಸಿದರು, ಇನ್ನೊಂದು ಕಡೆಯದು ಹಿಂದಕ್ಕೆ ತಿರುಗಿತು. ಮಗಳು ಅರ್ಧ ಗಂಟೆ ಅದನ್ನೇ ತಿರುಗಿಸುತ್ತ ಕೂತಳು. ನಾನು ಡಿಗ್ರಿಯಲ್ಲಿ ಇದನ್ನು ಚಿತ್ರ ಬರೆದು ಪಾಸಾದವನು, ತಿಳಿದದ್ದು ಆವತ್ತು.

ಹಿಂದಿನ ಡ್ಯಾಂಪರಿಗೆ ಎಣ್ಣೆ ತುಂಬಬೇಕು. ತುಂಬಿ, ದಂಡವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಎಲ್ಲ ಬರುವ ತನಕ ಕಾಯಬೇಕು. ಕಾಯುವ ಕೆಲಸದಲ್ಲಿ ಅಪ್ಪನಷ್ಟು ನಿಪುಣರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ಇನ್ನು ಮೇಲುಹೊದಿಕೆ ಗಾಜಿನ ಹಾಗೆ ಪಾರದರ್ಶಕವಾದ ತೆಳು ಪಾಲಿಕಾರ್ಬೊನೇಟು. ಅದಕ್ಕೆ ಬಣ್ಣವನ್ನು ಒಳಗಡೆಯಿಂದ ಹೊಡೆಯಬೇಕು, ಕಾರು ಎಷ್ಟು ಉರುಳಿದರೂ ಬಣ್ಣ ತರಚುವುದಿಲ್ಲ. ಒಳಗಿನಿಂದ ಹೊಡೆಯುವುದರಿಂದ ಕ್ರಮ ತಲೆಕೆಳಗು. ಕೊನೆಗೆ ಮೇಲೆ ಕಾಣಬೇಕಾದ ಗೆರೆಗಳನ್ನೇ ಮೊದಲು ಹೊಡೆಯಬೇಕು. ಪೆಟ್ಟಿಗೆಯ ಚಿತ್ರದಲ್ಲಿ ಕಾರು ಕಪ್ಪು. ಮಗಳು ಗಿಳಿಹಸಿರು ಮಾಡಿದಳು. ಕಣಜದ ಹುಳ ಹೋಗಿ ಮಿಡತೆಯಾಯಿತು.

ನಿಮ್ಮಲ್ಲಿ ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ, ಕೊನೆಯಲ್ಲಿ ಕೈಗೆ ಬರುವ ಕಾರಿಗಿಂತ ಈ ಹನ್ನೊಂದು ಸಂಜೆಗಳಿಗೆ ನಿಮ್ಮಲ್ಲಿ ಆಸೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಕಿಟ್ಟು ದಂಡ. ಜೋಡಿಸಿಯೇ ಬಂದದ್ದನ್ನು ತಗೊಂಡು ಖುಷಿಯಾಗಿರಿ, ಅದರಲ್ಲಿ ಅವಮಾನವೇನಿಲ್ಲ. ಹಾಸ್ಟೆಲ್ಲಿನಲ್ಲಿದ್ದು ಅಪ್ಪ ಅಮ್ಮ ಕಳಿಸುವ ದುಡ್ಡಿನಲ್ಲಿ ಓದುವವರಿಗೆ, ಕಂತಿನಲ್ಲಿ ಕೊಳ್ಳುವವರಿಗೆ ನನ್ನ ಉತ್ತರ ಒಂದೇ: ಬೇಡ, ಈಗ ಬೇಡ. ಯಾರೋ ಓಡಿಸಿ ಬೇಸರವಾಗಿ ಮಾರುವ ಹಳೆಯ ಕಾರುಗಳು ಸಿಗುತ್ತವೆ, ಅದನ್ನು ತಂದು ಪೂರ್ತಿ ಬಿಚ್ಚಿ ಜೋಡಿಸಿದರೂ ಅಷ್ಟೇ ವಿದ್ಯೆ ಬರುತ್ತದೆ. ಕೊಂಡ ಮೇಲೆ ಬೇರಿಂಗಿಗೆ ಒಂಬೈನೂರು ಹಾಕುವುದು ಸಾರ್ಥಕ, ಚಕ್ರ ಹಗುರವಾಗಿ ತಿರುಗುತ್ತದೆ, ಗೇರ್‌ಬಾಕ್ಸಿನ ಸವೆತ ಕಡಿಮೆಯಾಗುತ್ತದೆ. ಆದರೆ ನೀಲಿ, ಕೆಂಪು ಬಣ್ಣದ ಅಲ್ಯೂಮಿನಿಯಂ ಭಾಗಗಳ ಮೋಹಕ್ಕೆ ಬೀಳಬಾರದು. ಮುರಿಯುವ ಒಂದು ಪ್ಲಾಸ್ಟಿಕ್ ತುಂಡನ್ನು ಲೋಹದ್ದು ಮಾಡಿದರೆ ಪೆಟ್ಟು ಅದರ ಪಕ್ಕದ ತುಂಡಿಗೆ ದಾಟುತ್ತದೆ. ಆಮೇಲೆ ಅದನ್ನೂ ಲೋಹದ್ದು ಮಾಡಬೇಕು. ಹೀಗೆ ಕಾರಿನ ಎರಡರಷ್ಟು ದುಡ್ಡು ಸುರಿದವರಿದ್ದಾರೆ.

ಬ್ಯಾಟರಿಯ ಬಗ್ಗೆ ಮಾತ್ರ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ಎಲ್ಲರೂ ಲಿಪೋ ತಗೋ ಎನ್ನುತ್ತಾರೆ, ಅದು ಹಗುರ, ಶಕ್ತಿ ಜಾಸ್ತಿ. ಆದರೆ ಅದರ ಒಂದು ಸೆಲ್ಲು 4.2 ವೋಲ್ಟಿಗಿಂತ ಮೇಲೆ ಹೋಗಬಾರದು, ಮೂರು ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಚುಚ್ಚಿದರೆ, ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಬಹುದು. ಮಕ್ಕಳಿರುವ ಮನೆಗೆ, ಮೊದಲ ಸಲಕ್ಕೆ, ಆರು ಸೆಲ್ಲಿನ 7.2 ವೋಲ್ಟಿನ ನಿಕ್ಕಲ್ ಬ್ಯಾಟರಿ ಸಾಕು. ಯಾವುದಾದರೂ ಸರಿ, ಚಾರ್ಜಿಗೆ ಹಾಕಿ ಸಿನಿಮಾಕ್ಕೆ ಹೋಗಬೇಡಿ.

ಕಾರು ಓಡಿಸುವುದು ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ. ಪಾರ್ಕಿನಲ್ಲಿ ಬಿಡುವುದಿಲ್ಲ. ಬ್ಯಾಟರಿ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಬರುತ್ತದೆ, ಇಪ್ಪತ್ತು ನಿಮಿಷಕ್ಕೆ ಇಪ್ಪತ್ತಾರು ಸಾವಿರವೇ ಎಂದು ಲೆಕ್ಕ ಹಾಕುವವರಿದ್ದಾರೆ. ಹಿಂದಿನ ಮುಳ್ಳುಚಕ್ರ ಮಣ್ಣು ಚಿಮ್ಮಿಸುತ್ತ, ಹಿಂಬದಿ ಕುಣಿಯುತ್ತ ಅದು ಓಡುವುದನ್ನು ನೋಡಿದರೆ ಅವರಿಗೂ ಸುಮ್ಮನಿರಲಾಗುವುದಿಲ್ಲ. ಎರಡನೇ ವಾರ ಕಾಂಪೌಂಡಿಗೆ ಗುದ್ದಿ ಮುಂದಿನ ಸಸ್ಪೆನ್ಷನ್ ತೋಳು ಮುರಿಯಿತು. ನಂಬರು ನೋಡಿ ಆರ್ಡರು ಹಾಕಿದೆವು, ಬರಲು ಮೂರು ವಾರ. ಈ ಹವ್ಯಾಸದ ನಿಜವಾದ ಕಷ್ಟ ನಮ್ಮ ದೇಶದಲ್ಲಿ ಬೆಲೆಗಿಂತ ಈ ಕಾಯುವುದು. ಅಪ್ಪ ಕಾಯಲಿಲ್ಲ. ಪಿವಿಸಿ ಪೈಪಿನ ತುಂಡನ್ನು ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡಿ, ಚಪ್ಪಟೆ ಮಾಡಿ, ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದು ತೋಳು ಮಾಡಿದರು. ನೋಡಲು ಚೆನ್ನಾಗಿರಲಿಲ್ಲ. ಅಸಲಿ ತೋಳು ಬಂದ ಮೇಲೂ ಎರಡು ತಿಂಗಳು ಅದೇ ಇತ್ತು.

ಅಪ್ಪ ಇದರಿಂದ ಪೂರ್ತಿ ಸರಿಹೋದರು ಎಂದು ನಾನು ಬರೆಯಲಾರೆ. ಈಗಲೂ ಕೆಲವು ದಿನ ಬಾಲ್ಕನಿಯಿಂದ ಏಳುವುದಿಲ್ಲ. ಅಮ್ಮನ ತಿಥಿಯ ಹಿಂದಿನ ವಾರ ಕಾರಿನ ಮಾತೆತ್ತಿದರೆ ರೇಗಿದರು. ಇಷ್ಟು ಮಾತ್ರ ಹೇಳಬಲ್ಲೆ: ಊಟ ಅರ್ಧಕ್ಕೆ ಏಳುವುದು ನಿಂತಿದೆ, ಎದುರು ಮನೆಯ ಹುಡುಗರು ತಮ್ಮ ಸತ್ತ ಕಾರುಗಳನ್ನು ಹಿಡಿದು ‘ತಾತ ಇದ್ದಾರಾ?’ ಎಂದು ಬೆಲ್ಲು ಒತ್ತುತ್ತಾರೆ. ಲಾಫ್ಟಿನ ಐದರಲ್ಲಿ ಎರಡಕ್ಕೆ ಅಪ್ಪ ಜೀವ ಬರಿಸಿದರು. ಮಿಕ್ಕ ಮೂರನ್ನು ಬಿಚ್ಚಲು ಹೋದರೆ ಸ್ಕ್ರೂವೇ ಇರಲಿಲ್ಲ, ಅಂಟು ಹಾಕಿ ಮುಚ್ಚಿದ್ದರು. ‘ತೆಗೀಬಾರ್ದು ಅಂತಲೇ ಮಾಡಿದಾರೆ’ ಎಂದು ಅವನ್ನು ಬಹಳ ಹೊತ್ತು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

ಕಳೆದ ತಿಂಗಳು ಸೈಟಿನ ಉದ್ದ ಹುಲ್ಲು ಹಿಂದಿನ ಆಕ್ಸಲಿಗೆ ಸುತ್ತಿಕೊಂಡು ಚಕ್ರ ಕಚ್ಚಿಕೊಂಡಿತು. ಮಗಳು ಟ್ರಿಗರ್ ಬಿಡುವಷ್ಟರಲ್ಲಿ ಮೋಟರು ಹೊಗೆಯಾಡಿತು. ಮನೆಗೆ ತಂದಾಗ ಬಾಗಿಲಲ್ಲೇ ಅಪ್ಪ ಮೂಗರಳಿಸಿ, ‘ಕಾಯಿಲ್ ಹೋಯ್ತು’ ಎಂದರು. ವಾರ್ನಿಷ್ ಸುಟ್ಟ ಆ ವಾಸನೆ ನನಗೂ ಗೊತ್ತು, ನನ್ನ ಬಾಲ್ಯವೆಲ್ಲ ಆ ವಾಸನೆಯದೇ. 540 ಎಂಬ ಈ ಮೋಟರು ತೀರಾ ಸಾಮಾನ್ಯವಾದದ್ದು, ಹೊಸದಕ್ಕೆ ಏಳುನೂರು ರೂಪಾಯಿ. ತರಿಸಿದೆ. ಇಡೀ ಕಿಟ್ಟಿನಲ್ಲಿ ಬಿಚ್ಚುವುದಕ್ಕೆಂದು ಮಾಡದ ಭಾಗ ಇದೊಂದೇ. ಡಬ್ಬಿಯ ಅಂಚನ್ನು ಮಡಿಸಿ ಬಿಗಿದಿರುತ್ತಾರೆ. ಅಪ್ಪ ಆ ಮಡಿಕೆಗಳನ್ನು ಚೂಪು ಉಳಿಯಲ್ಲಿ ಎಬ್ಬಿಸಿ ಆರ್ಮೇಚರು ಹೊರಗೆ ತೆಗೆದರು. ಮೂರೇ ಕಂಬ. ‘ಐದು ಎಚ್‌ಪಿಯವನಿಗೆ ಇದು ಮೊಮ್ಮಗ’ ಎಂದರು.

‘ಬಿಡಪ್ಪ, ಏಳುನೂರು ರೂಪಾಯಿದು. ತಾಮ್ರ, ನಿನ್ನ ಕೂಲಿ ಸೇರಿದ್ರೆ ಬಾಳಲ್ಲ’ ಎಂದೆ.

‘ನನ್ನ ಕೂಲಿ ಎಷ್ಟು ಅಂತ ಹಿಡಿದೆ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸುಟ್ಟ ತಂತಿ ಬಿಚ್ಚುತ್ತ ಸುತ್ತು ಎಣಿಸಿದರು, ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಒಂದು ಕಂಬಕ್ಕೆ ಇಪ್ಪತ್ತೇಳು. ಎಸ್.ಜೆ.ಪಿ. ರಸ್ತೆಗೆ ನಾವಿಬ್ಬರೂ ಹೋಗಿ ಅದೇ ಗೇಜಿನ ತಂತಿ ತಂದೆವು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಸಣ್ಣದು ಕಾಣುವುದು ಕಷ್ಟ. ಮೊದಲನೆಯ ಸಲ ಕಮ್ಯುಟೇಟರಿನ ಹತ್ತಿರ ತಂತಿ ಸಿಪ್ಪೆ ಎದ್ದು ಶಾರ್ಟ್ ಆಯಿತು, ಪೂರ್ತಿ ಬಿಚ್ಚಿದರು. ಎರಡನೆಯ ಸಲ ಭಾರ ಒಂದು ಕಡೆ ಹೆಚ್ಚಾಗಿ ತಿರುಗುವಾಗ ನಡುಗಿತು. ಮತ್ತೆ ಬಿಚ್ಚಿದರು. ಮೂರನೆಯ ಸಲಕ್ಕೆ ಮಗಳ ಬೆರಳು, ಅವರ ಲೆಕ್ಕ. ಅವಳು ಸುತ್ತುವುದು, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ತಂತಿಯ ಬಿಗಿಯನ್ನು ಬೆರಳಲ್ಲಿ ಹಿಡಿದು ಎಣಿಸುವುದು. ವಾರ್ನಿಷ್ ಹಚ್ಚಿ ಬಾಲ್ಕನಿಯ ಬಿಸಿಲಿಗೆ ಎರಡು ದಿನ ಇಟ್ಟರು.

ಈಗ ಕಾರು ಓಡುತ್ತದೆ. ಮೊದಲಿನ ವೇಗವಿಲ್ಲ, ಸದ್ದು ಸ್ವಲ್ಪ ಗೊಗ್ಗರು, ಹತ್ತು ನಿಮಿಷಕ್ಕೆ ಮೋಟರು ಮುಟ್ಟಲಾಗದಷ್ಟು ಕಾಯುತ್ತದೆ. ಬ್ರಷ್ಷಿನ ಸ್ಪ್ರಿಂಗು ಸಡಿಲವಾಗಿದೆಯೇನೋ ಎಂದು ಅಪ್ಪನಿಗೆ ಅನುಮಾನ, ಈ ಭಾನುವಾರ ಮತ್ತೆ ಬಿಚ್ಚುತ್ತಾರಂತೆ. ಏಳುನೂರು ರೂಪಾಯಿಯ ಹೊಸ ಮೋಟರು ಪೊಟ್ಟಣ ಒಡೆಯದೆ ಫ್ರಿಜ್ಜಿನ ಮೇಲಿದೆ.